ಮೊಬೈಲ್ ಫೋನಿನ ಅಂಟುಬ್ಯಾಟರಿ: ಅದರ ಚರಿತ್ರೆಯೂ ವಿಭಾಗಕ್ರಮವೂ

೧

ಎರಡು ದ್ರವ್ಯಗಳು ಕೂಡುವುದು ಸಂಯೋಗ. ಕೂಡಿದ್ದವು ಅಗಲುವುದು ವಿಭಾಗ. ವೈಶೇಷಿಕ ಶಾಸ್ತ್ರಕಾರರು ಇವೆರಡನ್ನೂ ಗುಣಗಳ ಗಣನೆಯಲ್ಲಿ ಬೇರೆಬೇರೆಯಾಗಿ ಸೇರಿಸಿರುವುದು ವಿದ್ವಾಂಸರಿಗೆಲ್ಲ ತಿಳಿದ ಸಂಗತಿಯೇ ಆಗಿದೆ. ಸಂಯೋಗವಿಲ್ಲದಿರುವುದೇ ವಿಭಾಗವೆಂದು ಹೇಳಿ ಅವರು ಲಾಘವವನ್ನು ಸಾಧಿಸಬಹುದಾಗಿದ್ದಿತು. ಆದರೆ ಹಾಗೆ ಮಾಡಲಿಲ್ಲ. ವಿಭಾಗವು ಬರಿಯ ಅಭಾವವಲ್ಲ. ಅದಕ್ಕೆ ತನ್ನದೇ ಆದ ಕಾರಣವುಂಟು, ಅದನ್ನು ಹುಟ್ಟಿಸುವ ಕ್ರಿಯೆಯುಂಟು ಎಂಬುದು ಅವರ ಸಿದ್ಧಾಂತ. ಇನ್ನು ಎಂದಿಗೂ ಅಗಲದೆ ಇರತಕ್ಕ ಸಂಬಂಧಕ್ಕೆ, ಎಂದರೆ ಅವಯವಕ್ಕೂ ಅವಯವಿಗೂ, ಗುಣಕ್ಕೂ ಗುಣಿಗೂ ಇರುವಂತಹ ಸಂಬಂಧಕ್ಕೆ, ಸಮವಾಯವೆಂಬ ಬೇರೊಂದು ಹೆಸರನ್ನೇ ಅವರು ಕೊಟ್ಟಿದ್ದಾರೆ.

ಪಾಠಶಾಲೆಗಳಲ್ಲಿ ಘಟಪಟಗಳ ಉದಾಹರಣೆಯಿಂದ ಕಲಿಸಲ್ಪಡುವ ಈ ವಿವೇಕವು ಇಂದಿನ ಗೃಹಸ್ಥರ ಮನೆಯಲ್ಲಿ ಮೇಜಿನ ಖಾನೆಯೊಳಗೆ ಬಿದ್ದಿರುವ ಹಳೆಯ ಮೊಬೈಲ್ ಫೋನಿನ ವಿಷಯದಲ್ಲಿಯೂ ಬಹಳ ಪ್ರಯೋಜನಕ್ಕೆ ಬರುತ್ತದೆ. ಫೋನು ಬೇರೆ, ಅದಕ್ಕೆ ವಿದ್ಯುತ್ತನ್ನೊದಗಿಸುವ ಬ್ಯಾಟರಿ ಬೇರೆ. ಫೋನು ಹತ್ತು ವರ್ಷ ಬಾಳಬಹುದು. ಬ್ಯಾಟರಿಯಾದರೋ ಕೆಲವು ನೂರು ಸಲ ತುಂಬಿ ಬರಿದಾಗುವಷ್ಟರಲ್ಲಿ ಶಕ್ತಿಗುಂದುತ್ತದೆ. ಆಯುಃಪ್ರಮಾಣವು ಹೀಗೆ ಭಿನ್ನವಾಗಿರುವ ಎರಡು ವಸ್ತುಗಳ ನಡುವೆ ಇರಬೇಕಾದದ್ದು ಸಂಯೋಗವೇ ಹೊರತು ಸಮವಾಯವಲ್ಲ. ಆದರೆ ಸುಮಾರು ೨೦೦೭ರಿಂದ ಈಚೆಗೆ ನಿರ್ಮಾಪಕರು ಬ್ಯಾಟರಿಯನ್ನು ಫೋನಿನ ಒಡಲೊಳಗೆ ಅಂಟಿನಿಂದ ಬಂಧಿಸುತ್ತ ಬಂದರು. ಸಂಯೋಗವನ್ನು ಸಮವಾಯದಂತೆ ತೋರಿಸುವ ಈ ಪದ್ಧತಿ ಹೇಗೆ ಬಂದಿತು, ಅದರಿಂದ ಒದಗಿದ ಅಪಾಯವೇನು, ಆ ಬ್ಯಾಟರಿಯನ್ನು ವಿಸರ್ಜನೆಗೆ ಮುನ್ನ ನಿರಪಾಯವಾಗಿ ಬೇರ್ಪಡಿಸುವ ಕ್ರಮವು ಹೇಗೆ ರೂಪುಗೊಂಡಿತು, ರಾಜಶಾಸನಗಳು ಈ ವಿಷಯದಲ್ಲಿ ಏನು ವಿಧಿಸಿವೆ ಎಂಬ ನಾಲ್ಕು ಅಂಶಗಳು ಇಲ್ಲಿ ವಿಚಾರಾರ್ಹವಾಗಿವೆ.

೨

ಕೈಯಲ್ಲಿ ಹಿಡಿದು ನಡೆಯುತ್ತ ಮಾತನಾಡಬಹುದಾದ ಫೋನಿನಿಂದ ಪ್ರಥಮ ಕರೆಯನ್ನು ಮೊಟೊರೋಲ ಸಂಸ್ಥೆಯ ಇಂಜಿನಿಯರಾದ ಮಾರ್ಟಿನ್ ಕೂಪರ್ ಎಂಬವರು ೧೯೭೩ನೆಯ ಇಸವಿ ಏಪ್ರಿಲ್ ೩ರಂದು ನ್ಯೂಯಾರ್ಕ್ ನಗರದಲ್ಲಿ ಮಾಡಿದರು. ಹತ್ತು ವರ್ಷಗಳ ತರುವಾಯ, ೧೯೮೩ರಲ್ಲಿ, ಅದೇ ಸಂಸ್ಥೆಯ ಡೈನಾಟ್ಯಾಕ್ ಎಂಬ ಫೋನು ಮಾರಾಟಕ್ಕೆ ಬಂದಿತು. ಇಟ್ಟಿಗೆಯಷ್ಟು ದಪ್ಪನಾದ ಆ ಯಂತ್ರದಲ್ಲಿ ನಿಕ್ಕಲ್ ಮತ್ತು ಕ್ಯಾಡ್ಮಿಯಂ ಲೋಹಗಳ ಬ್ಯಾಟರಿಯಿದ್ದಿತು. ಸುಮಾರು ಹತ್ತು ಗಂಟೆಗಳ ಕಾಲ ವಿದ್ಯುತ್ತನ್ನು ತುಂಬಿದರೆ ಅರ್ಧ ಗಂಟೆಯ ಮಾತಿಗೆ ಅದು ಸಾಲುತ್ತಿದ್ದಿತು. ಮಾತಿನ ಅವಧಿ ಇಷ್ಟು ಅಲ್ಪವಾಗಿರುವಾಗ ಬರಿದಾದ ಬ್ಯಾಟರಿಯನ್ನು ಕಳಚಿ ತುಂಬಿದ ಬ್ಯಾಟರಿಯನ್ನು ತೊಡಿಸುವುದು ಅನಿವಾರ್ಯವೇ ಆಗಿದ್ದಿತು. ಆದಿಕಾಲದ ಫೋನುಗಳಲ್ಲಿ ಬ್ಯಾಟರಿಯು ಕಳಚತಕ್ಕ ಅಂಗವಾಗಿದ್ದುದಕ್ಕೆ ಇದು ಒಂದು ಮುಖ್ಯ ಕಾರಣ.

ಈ ಭಾರವನ್ನು ಇಳಿಸಿದ್ದು ಲಿಥಿಯಂ ಲೋಹ. ೧೯೭೦ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಎಂಬವರು ಲಿಥಿಯಂ ಕಣಗಳು ಒಳಹೊಕ್ಕು ಹೊರಬರಬಲ್ಲ ಪದರಗಳುಳ್ಳ ಟೈಟೇನಿಯಂ ಡೈಸಲ್ಫೈಡನ್ನು ಬಳಸಿ ಒಂದು ಬ್ಯಾಟರಿಯನ್ನು ರಚಿಸಿದರು. ೧೯೮೦ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡಿನಫ್ ಅವರು ಅದರ ಸ್ಥಾನದಲ್ಲಿ ಕೋಬಾಲ್ಟ್ ಆಕ್ಸೈಡು ಹೆಚ್ಚು ಶಕ್ತಿಯುತವೆಂದು ತೋರಿಸಿಕೊಟ್ಟರು. ೧೯೮೫ರಲ್ಲಿ ಜಪಾನಿನ ಅಕಿರ ಯೋಶಿನೊ ಅವರು ಉರಿಯಲು ಬಹಳ ಸುಲಭವಾದ ಶುದ್ಧ ಲಿಥಿಯಂ ಲೋಹವನ್ನು ತೊರೆದು, ಇಂಗಾಲದ್ರವ್ಯವನ್ನು ಋಣಧ್ರುವವಾಗಿ ಬಳಸಿ ಇಂದಿನ ಲಿಥಿಯಂ-ಅಯಾನ್ ಬ್ಯಾಟರಿಯ ಮಾದರಿಯನ್ನು ಸಿದ್ಧಪಡಿಸಿದರು. ೧೯೯೧ರಲ್ಲಿ ಸೋನಿ ಸಂಸ್ಥೆ ಇದನ್ನು ಮಾರುಕಟ್ಟೆಗೆ ತಂದಿತು. ಈ ಮೂವರು ವಿಜ್ಞಾನಿಗಳಿಗೂ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ಬ್ಯಾಟರಿಯ ಒಳರಚನೆಯನ್ನು ತಿಳಿಯದೆ ಅದರ ಅಪಾಯವು ತಿಳಿಯಲಾರದು. ತೆಳುವಾದ ಅಲ್ಯೂಮಿನಿಯಂ ಹಾಳೆಯ ಮೇಲೆ ಕೋಬಾಲ್ಟ್ ಆಕ್ಸೈಡಿನ ಲೇಪ, ಇದು ಧನಧ್ರುವ. ತೆಳುವಾದ ತಾಮ್ರದ ಹಾಳೆಯ ಮೇಲೆ ಗ್ರಾಫೈಟಿನ ಲೇಪ, ಇದು ಋಣಧ್ರುವ. ಇವೆರಡೂ ಒಂದನ್ನೊಂದು ಮುಟ್ಟದಂತೆ ನಡುವೆ ಸೂಕ್ಷ್ಮರಂಧ್ರಗಳುಳ್ಳ ಪ್ಲಾಸ್ಟಿಕ್ ಪೊರೆ. ಈ ಮೂರನ್ನೂ ಚಾಪೆಯಂತೆ ಸುತ್ತಿಯೋ ಪದರಪದರವಾಗಿ ಅಡಕಿಯೋ, ಲಿಥಿಯಂ ಲವಣವು ಕರಗಿರುವ ಒಂದು ದ್ರವದಲ್ಲಿ ನೆನೆಸಿ ಮುಚ್ಚುತ್ತಾರೆ. ಆ ದ್ರವವು ನೀರಲ್ಲ. ಬೆಂಕಿ ಹತ್ತುವ ದ್ರಾವಕ. ನಡುವಣ ಪೊರೆಯು ಕೂದಲಿಗಿಂತ ತೆಳುವಾದದ್ದು. ಬ್ಯಾಟರಿಯನ್ನು ಚುಚ್ಚಿದರೆ, ಮಡಿಚಿದರೆ, ಜಜ್ಜಿದರೆ ಪೊರೆ ಹರಿದು ಧ್ರುವಗಳೆರಡೂ ಕೂಡಿಬಿಡುತ್ತವೆ. ಆಗ ಸಂಗ್ರಹವಾಗಿದ್ದ ಶಕ್ತಿಯೆಲ್ಲ ಒಮ್ಮೆಗೇ ಶಾಖವಾಗಿ ಹೊಮ್ಮುತ್ತದೆ. ಶಾಖದಿಂದ ಪಕ್ಕದ ಪೊರೆ ಕರಗುತ್ತದೆ. ಅದರಿಂದ ಮತ್ತಷ್ಟು ಶಾಖ. ಇಂತಹ ಅನವಸ್ಥೆಯು ಒಮ್ಮೆ ಮೊದಲಾದರೆ ಅದನ್ನು ತಡೆಯುವುದು ಕಷ್ಟ. ಕಾದ ಕೋಬಾಲ್ಟ್ ಆಕ್ಸೈಡು ತಾನೇ ಆಮ್ಲಜನಕವನ್ನು ಬಿಡುವುದರಿಂದ ಗಾಳಿಯನ್ನು ಮರೆಮಾಡಿದ ಮಾತ್ರಕ್ಕೆ ಉರಿಯು ಶಮನವಾಗುವುದಿಲ್ಲ. ಲವಣದಿಂದ ಹೊರಡುವ ಹೈಡ್ರೋಜನ್ ಫ್ಲೋರೈಡು ಎಂಬ ಅನಿಲವು ಶ್ವಾಸಕೋಶಕ್ಕೆ ವಿಷ. ಸಾಮಾನ್ಯವಾದ ಒಂದು ಫೋನಿನ ಬ್ಯಾಟರಿ ೪೦೦೦ ಮಿಲಿಆಂಪಿಯರ್-ಗಂಟೆಯ ಅಳತೆಯದಾದರೆ ಅದರಲ್ಲಿರುವ ವಿದ್ಯುಚ್ಛಕ್ತಿ ಸುಮಾರು ೧೫ ವಾಟ್-ಗಂಟೆ. ಒಂದು ಲೋಟ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಅಂಗೈಯಗಲದ ಪೊಟ್ಟಣದಲ್ಲಿ ಅಡಗಿರುವ ಈ ಬೆಂಕಿಯನ್ನು ಅಲ್ಪವೆಂದು ಎಣಿಸಲಾಗದು.

೩

ಲಿಥಿಯಂ ಬ್ಯಾಟರಿಯು ಬಂದ ಮೇಲೆಯೂ ಬಹುಕಾಲ ಅದು ಕಳಚತಕ್ಕ ಅಂಗವಾಗಿಯೇ ಉಳಿದಿದ್ದಿತು. ನೋಕಿಯ ಸಂಸ್ಥೆಯವರು ೨೦೦೩ರಲ್ಲಿ ಹೊರತಂದ ೧೧೦೦ ಎಂಬ ಫೋನು, ತಲೆಯ ಮೇಲಿನ ಚಿಕ್ಕ ಟಾರ್ಚಿನಿಂದಾಗಿ, ಕನ್ನಡನಾಡಿನ ಹಳ್ಳಿಗಳಲ್ಲಿಯೂ ಪರಿಚಿತವಾಗಿದ್ದಿತು. ಅದರ ಹಿಂಬದಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಜಾರಿಸಿದರೆ ಬಿಎಲ್-೫ಸಿ ಎಂಬ ಬ್ಯಾಟರಿಯು ಕೈಗೆ ಬರುತ್ತಿದ್ದಿತು. ಅದನ್ನು ತೆಗೆದಿಡುವುದಕ್ಕೆ ವಿದ್ಯೆ ಬೇಕಿರಲಿಲ್ಲ, ಉಪಕರಣ ಬೇಕಿರಲಿಲ್ಲ. ಗಟ್ಟಿಯಾದ ಕವಚವಿದ್ದುದರಿಂದ ಕೈಜಾರಿ ಬಿದ್ದರೂ ಅದಕ್ಕೆ ಸುಲಭವಾಗಿ ಪೆಟ್ಟಾಗುತ್ತಿರಲಿಲ್ಲ. ಓಲೆಯ ಕಟ್ಟಿನಲ್ಲಿ ದಾರವನ್ನು ಸಡಿಲಿಸಿದರೆ ಗರಿಗಳು ಬಿಡಿಬಿಡಿಯಾಗಿ, ಮುರಿದ ಗರಿಯ ಸ್ಥಾನದಲ್ಲಿ ಹೊಸ ಗರಿಯನ್ನು ಬರೆದು ಸೇರಿಸಬಹುದಾಗಿದ್ದಂತೆ, ಆ ಕಾಲದ ಫೋನಿನಲ್ಲಿ ವಿಭಾಗಕ್ಕೆ ದಾರಿಯನ್ನು ಮೊದಲೇ ಕಲ್ಪಿಸಿದ್ದರು.

೨೦೦೭ನೆಯ ಇಸವಿ ಜೂನ್ ತಿಂಗಳಿನಲ್ಲಿ ಆಪಲ್ ಸಂಸ್ಥೆಯ ಐಫೋನ್ ಮಾರಾಟಕ್ಕೆ ಬಂದಿತು. ಅದರಲ್ಲಿ ಬ್ಯಾಟರಿಯ ಮುಚ್ಚಳವೇ ಇರಲಿಲ್ಲ. ಒಳಗಿನ ಬ್ಯಾಟರಿಯ ತಂತಿಗಳನ್ನು ಫಲಕಕ್ಕೆ ಬೆಸುಗೆ ಹಾಕಲಾಗಿದ್ದಿತು. ಮರುವರ್ಷದ ಮಾದರಿಯಲ್ಲಿ ಬೆಸುಗೆ ಹೋಗಿ ಕಳಚಬಹುದಾದ ಕೊಂಡಿ ಬಂದಿತಾದರೂ ಮುಚ್ಚಿದ ಒಡಲು ಮಾತ್ರ ಹಾಗೆಯೇ ನಿಂತಿತು. ಇತರ ನಿರ್ಮಾಪಕರು ಕೆಲವು ಕಾಲ ಹಳೆಯ ಕ್ರಮವನ್ನೇ ಅನುಸರಿಸಿದರು. ಸ್ಯಾಮ್‌ಸಂಗ್ ಸಂಸ್ಥೆಯು ೨೦೧೪ರಲ್ಲಿ ಹೊರತಂದ ಗ್ಯಾಲಕ್ಸಿ ಎಸ್೫ ಎಂಬ ಫೋನಿನಲ್ಲಿ ಬೆನ್ನಿನ ಹೊದಿಕೆಯನ್ನು ಉಗುರಿನಿಂದ ಎಬ್ಬಿಸಬಹುದಾಗಿದ್ದಿತು. ೨೦೧೫ರ ಎಸ್೬ ಎಂಬುದರಲ್ಲಿ ಬೆನ್ನು ಗಾಜಿನದಾಯಿತು, ಗಾಜು ಅಂಟಿನಿಂದ ಕೂತಿತು, ಅದರ ಕೆಳಗಿನ ಬ್ಯಾಟರಿಯೂ ಅಂಟಿನಿಂದ ಕೂತಿತು. ಅಲ್ಲಿಂದ ಮುಂದೆ ಕಳಚುವ ಬ್ಯಾಟರಿಯು ಅಪವಾದವಾಗಿ, ಅಂಟಿದ ಬ್ಯಾಟರಿಯೇ ನಿಯಮವಾಯಿತು.

ಈ ಬದಲಾವಣೆಗೆ ನಿರ್ಮಾಪಕರು ಹೇಳುವ ಕಾರಣಗಳನ್ನು ಪೂರ್ವಪಕ್ಷವಾಗಿ ನ್ಯಾಯದಿಂದ ಪರಿಶೀಲಿಸತಕ್ಕದ್ದು. ಕಳಚುವ ಬ್ಯಾಟರಿಗೆ ಗಟ್ಟಿಯಾದ ಕವಚವೂ, ಅದನ್ನು ಹಿಡಿಯುವ ಗೂಡೂ, ಮೇಲೆ ಮುಚ್ಚಳವೂ ಬೇಕಾಗುವುದರಿಂದ ಫೋನು ದಪ್ಪನಾಗುತ್ತದೆ. ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಪದರಗಳ ಮೆತ್ತನೆಯ ಚೀಲದಲ್ಲಿ ತುಂಬಿದ ಬ್ಯಾಟರಿಯನ್ನು ನೇರವಾಗಿ ಒಳಗೆ ಅಂಟಿಸಿದರೆ ಆ ಜಾಗವೆಲ್ಲ ಶಕ್ತಿಸಂಗ್ರಹಕ್ಕೆ ಒದಗುತ್ತದೆ. ಅಂಟಿದ ಬ್ಯಾಟರಿಯು ಅಲುಗಾಡುವುದಿಲ್ಲ. ಅಂಟಿನಿಂದ ಮುಚ್ಚಿದ ಒಡಲಿನೊಳಕ್ಕೆ ನೀರೂ ಧೂಳೂ ಸುಲಭವಾಗಿ ಇಳಿಯುವುದಿಲ್ಲ. ಈ ಮಾತುಗಳಲ್ಲಿ ಸತ್ಯವಿಲ್ಲವೆನ್ನಲಾಗದು. ಆದರೆ ಇವೆಲ್ಲವೂ ಫೋನು ಬದುಕಿರುವ ಕಾಲಕ್ಕೆ ಸಂಬಂಧಿಸಿದ ಗುಣಗಳು. ಅದರ ಅಂತ್ಯಕಾಲದಲ್ಲಿ ಆಗಬೇಕಾದುದೇನು, ಅದನ್ನು ಮಾಡಬೇಕಾದವರು ಯಾರು ಎಂಬ ಪ್ರಶ್ನೆಗೆ ಇವುಗಳಲ್ಲಿ ಉತ್ತರವಿಲ್ಲ. ಅಷ್ಟೇ ಅಲ್ಲದೆ, ಗಟ್ಟಿಯಾದ ಕವಚವನ್ನು ಕಳೆದುಕೊಂಡು ಮೆತ್ತಗಾದ ಬ್ಯಾಟರಿಯನ್ನು ಹೆಚ್ಚು ಗಟ್ಟಿಯಾಗಿ ಅಂಟಿಸಿದ್ದರಿಂದ, ಬೇರ್ಪಡಿಸುವವನ ಕೈಗೆ ಎರಡು ಕಷ್ಟಗಳು ಒಟ್ಟಿಗೆ ಬಂದವು. ವಸ್ತುವು ಮೃದು, ಬಂಧವು ಬಿಗಿ. ಎಬ್ಬಿಸಲು ಬಲ ಬೇಕು, ಬಲಪ್ರಯೋಗವೇ ಅಪಾಯ.

೪

ಎರಡು ಪದ್ಧತಿಗಳ ಭೇದವನ್ನು ಚರಿತ್ರೆಯೇ ಎರಡು ಘಟನೆಗಳಿಂದ ತೋರಿಸಿಕೊಟ್ಟಿದೆ.

೨೦೦೭ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ನೋಕಿಯ ಸಂಸ್ಥೆಯು ಒಂದು ಎಚ್ಚರಿಕೆಯ ಪ್ರಕಟಣೆಯನ್ನು ಹೊರಡಿಸಿತು. ಜಪಾನಿನ ಮತ್ಸುಷಿತ ಸಂಸ್ಥೆಯವರು ೨೦೦೫ರ ಡಿಸೆಂಬರಿನಿಂದ ೨೦೦೬ರ ನವೆಂಬರಿನವರೆಗೆ ತಯಾರಿಸಿದ ಬಿಎಲ್-೫ಸಿ ಬ್ಯಾಟರಿಗಳು ವಿದ್ಯುತ್ತನ್ನು ತುಂಬುವಾಗ ಅತಿಯಾಗಿ ಕಾಯುವ ಸಂಭವವಿದೆಯೆಂದು ಅದರಲ್ಲಿ ತಿಳಿಸಿದ್ದಿತು. ಅವುಗಳ ಸಂಖ್ಯೆ ೪ ಕೋಟಿ ೬೦ ಲಕ್ಷ. ಭಾರತದಲ್ಲಿ ಈ ಸುದ್ದಿಯಿಂದ ಜನರು ಗಾಬರಿಗೊಂಡು ಅಂಗಡಿಗಳಿಗೆ ಮುತ್ತಿದರು. ಆದರೆ ಪರಿಹಾರವು ಸರಳವಾಗಿದ್ದಿತು. ಮುಚ್ಚಳವನ್ನು ತೆಗೆದು, ಬ್ಯಾಟರಿಯ ಬೆನ್ನಿನ ಮೇಲಿನ ೨೬ ಅಕ್ಷರಾಂಕಗಳ ಗುರುತನ್ನು ಓದಿ, ದೋಷವುಳ್ಳದ್ದೆಂದು ತಿಳಿದುಬಂದರೆ ಬೇರೆ ಬ್ಯಾಟರಿಯನ್ನು ಪಡೆಯುವುದು. ಫೋನು ಒಡೆಯನ ಬಳಿಯಲ್ಲಿಯೇ ಉಳಿಯಿತು.

೨೦೧೬ರಲ್ಲಿ ನಡೆದುದು ಇದಕ್ಕಿಂತ ಭಿನ್ನ. ಸ್ಯಾಮ್‌ಸಂಗ್ ಸಂಸ್ಥೆಯ ಗ್ಯಾಲಕ್ಸಿ ನೋಟ್ ೭ ಎಂಬ ಫೋನು ಆ ವರ್ಷದ ಆಗಸ್ಟಿನಲ್ಲಿ ಮಾರಾಟಕ್ಕೆ ಬಂದು, ಕೆಲವೇ ದಿನಗಳಲ್ಲಿ ಅಲ್ಲಲ್ಲಿ ಹೊತ್ತಿಕೊಂಡಿತು. ಸೆಪ್ಟೆಂಬರ್ ೨ರಂದು ೨೫ ಲಕ್ಷ ಫೋನುಗಳನ್ನು ಹಿಂದಕ್ಕೆ ಕರೆಯಲಾಯಿತು. ಬದಲಿಗೆ ಕೊಟ್ಟ ಫೋನುಗಳಲ್ಲಿಯೂ ಬೆಂಕಿ ಕಾಣಿಸಿಕೊಂಡಿತು. ಅಕ್ಟೋಬರಿನಲ್ಲಿ ಆ ಮಾದರಿಯ ತಯಾರಿಕೆಯೇ ನಿಂತುಹೋಯಿತು. ೨೦೧೭ರ ಜನವರಿಯಲ್ಲಿ ಪ್ರಕಟವಾದ ಪರಿಶೋಧನೆಯ ಪ್ರಕಾರ, ಒಬ್ಬ ತಯಾರಕರ ಬ್ಯಾಟರಿಯಲ್ಲಿ ಮೇಲಿನ ಮೂಲೆಯ ಹಾಳೆಗಳು ಬಾಗಿದ್ದವು. ಇನ್ನೊಬ್ಬರದರಲ್ಲಿ ಬೆಸುಗೆಯ ಮುಳ್ಳುಗಳು ಪೊರೆಯನ್ನು ಚುಚ್ಚಿದ್ದವು. ದೋಷವು ಬ್ಯಾಟರಿಯದೇ ಹೊರತು ಅಂಟಿನದಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆದರೂ ದೋಷವು ಒಂದು ಅಂಗದಲ್ಲಿದ್ದಾಗ ಒಡೆಯನು ಆ ಅಂಗವನ್ನು ಮಾತ್ರ ತೆಗೆದಿಡಲು ಶಕ್ಯವಿರಲಿಲ್ಲ. ಇಡೀ ಫೋನನ್ನೇ ಬೆಂಕಿತಡೆಯುವ ಪೆಟ್ಟಿಗೆಯಲ್ಲಿಟ್ಟು ಹಿಂದಿರುಗಿಸಬೇಕಾಯಿತು. ವಿಮಾನಗಳಲ್ಲಿ ಅದನ್ನು ಒಯ್ಯುವುದಕ್ಕೆ ನಿಷೇಧವೂ ಬಂದಿತು. ತರುವಾಯ ೨೦೧೭ರ ಜುಲೈ ತಿಂಗಳಿನಲ್ಲಿ ಕೊರಿಯ ದೇಶದಲ್ಲಿ ಅದೇ ಫೋನು ಚಿಕ್ಕ ಬ್ಯಾಟರಿಯೊಡನೆ ಬೇರೆ ಹೆಸರಿನಿಂದ ಮಾರಾಟವಾಯಿತೆಂಬುದು ಗಮನಾರ್ಹ. ಎಂದರೆ ಬ್ಯಾಟರಿಯನ್ನು ಬದಲಿಸುವುದು ಅಶಕ್ಯವೇನೂ ಆಗಿರಲಿಲ್ಲ. ಅದು ಒಡೆಯನ ಕೈಗೆ ಶಕ್ಯವಾಗದಂತೆ ರಚಿತವಾಗಿದ್ದಿತು, ಅಷ್ಟೆ.

೫

ಇನ್ನು ವಿಭಾಗಕ್ರಮ. ಬಂಧವು ಅಂಟಾದುದರಿಂದ ಅಂಟಿನ ಸ್ವಭಾವವನ್ನನುಸರಿಸಿಯೇ ಬಿಡಿಸುವ ಉಪಾಯಗಳು ಹುಟ್ಟಿದವು. ಅವು ಐದು ಬಗೆಯಾಗಿವೆ.

ಮೊದಲನೆಯದು ಶಾಖ. ಹದವಾದ ಬಿಸಿಯಿಂದ ಅಂಟು ಮೆತ್ತಗಾಗುತ್ತದೆ. ಬಿಸಿಮಾಡಿದ ಚೀಲವನ್ನೋ ಪಟ್ಟಿಯನ್ನೋ ಫೋನಿನ ಹೊರಮೈಗೆ ಒತ್ತಿಹಿಡಿದು ಒಳಗಿನ ಅಂಟನ್ನು ಸಡಿಲಿಸುವುದು ದುರಸ್ತಿಗಾರರ ರೂಢಿ. ಆದರೆ ಬ್ಯಾಟರಿಗೂ ಶಾಖವೇ ಶತ್ರುವಾದುದರಿಂದ ಬಿಸಿಗಾಳಿಯನ್ನು ನೇರವಾಗಿ ಅದರ ಮೇಲೆ ಹಾಯಿಸುವುದು ಸರ್ವಥಾ ವರ್ಜ್ಯ. ಎರಡನೆಯದು ದ್ರಾವಕ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಶುದ್ಧವಾದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಕೆಲವು ಹನಿಗಳಷ್ಟು ಬ್ಯಾಟರಿಯ ಅಂಚಿನಲ್ಲಿ ಇಳಿಸಿ ಒಂದೆರಡು ನಿಮಿಷ ಕಾದರೆ ಅಂಟಿನ ಹಿಡಿತ ತಗ್ಗುತ್ತದೆ. ಈ ದ್ರಾವಕವೂ ಉರಿಯತಕ್ಕದ್ದಾದುದರಿಂದ ದೀಪ, ಒಲೆಗಳ ಬಳಿ ಇದನ್ನು ಬಳಸಬಾರದು. ಗಾಳಿಯಾಡುವ ಸ್ಥಳವು ಅವಶ್ಯಕ. ಮೂರನೆಯದು ಎಳೆಯುವ ಪಟ್ಟಿ. ೨೦೧೩ರ ಐಫೋನ್ ೫ಎಸ್ ಎಂಬುದರಿಂದ ಮೊದಲ್ಗೊಂಡು, ಬ್ಯಾಟರಿಯ ಕೆಳಗೆ ರಬ್ಬರಿನಂತೆ ಹಿಗ್ಗುವ ಅಂಟುಪಟ್ಟಿಗಳನ್ನಿಟ್ಟು ಅವುಗಳ ತುದಿಯನ್ನು ಹೊರಗೆ ಬಿಟ್ಟಿದ್ದಾರೆ. ತುದಿಯನ್ನು ಹಿಡಿದು, ಬ್ಯಾಟರಿಯ ಮೈಗೆ ತೀರ ತಗ್ಗಾದ ಕೋನದಲ್ಲಿ, ನಿಧಾನವಾಗಿ ಎಳೆದರೆ ಪಟ್ಟಿಯು ಹಿಗ್ಗುತ್ತ ಅಂಟು ಬಿಡುತ್ತ ಬರುತ್ತದೆ. ಆತುರಪಟ್ಟರೆ ಪಟ್ಟಿ ಹರಿದು ಮೊದಲ ಎರಡು ಉಪಾಯಗಳಿಗೇ ಮರಳಬೇಕಾಗುತ್ತದೆ.

ನಾಲ್ಕನೆಯದು ಶೈತ್ಯ. ಆಪಲ್ ಸಂಸ್ಥೆಯವರು ೨೦೧೮ರಲ್ಲಿ ತೋರಿಸಿದ ಡೈಸಿ ಎಂಬ ಯಂತ್ರವು ಗಂಟೆಗೆ ೨೦೦ ಫೋನುಗಳನ್ನು ಬಿಡಿಸಬಲ್ಲದು. ಶೂನ್ಯಕ್ಕಿಂತ ೮೦ ಡಿಗ್ರಿ ಕೆಳಗಿನ ಶೀತವಾಯುವನ್ನು ಹಾಯಿಸಿದಾಗ ಅಂಟು ಪೆಡಸಾಗಿ ಬ್ಯಾಟರಿಯು ಕಳಚಿಬೀಳುವಂತೆ ಅದನ್ನು ರಚಿಸಿದ್ದಾರೆ. ಇದು ಕಾರ್ಖಾನೆಯ ಉಪಾಯವೇ ಹೊರತು ಮನೆಯದಲ್ಲ. ಐದನೆಯದು ವಿದ್ಯುತ್ತು. ೨೦೨೪ರ ಐಫೋನ್ ೧೬ರಲ್ಲಿ, ೯ ವೋಲ್ಟಿನ ಸಾಧಾರಣ ಬ್ಯಾಟರಿಯ ವಿದ್ಯುತ್ತನ್ನು ಸುಮಾರು ಒಂದೂವರೆ ನಿಮಿಷ ಹಾಯಿಸಿದರೆ ಹಿಡಿತವನ್ನು ಬಿಡುವ ಅಂಟನ್ನು ಬಳಸಿದ್ದಾರೆ. ಇಲ್ಲಿ ಒಂದು ವಿಶೇಷವನ್ನು ಕಾಣಬಹುದು. ಮೊದಲ ಎರಡು ಉಪಾಯಗಳೂ, ನಾಲ್ಕನೆಯದೂ, ಅಂಟಿಸಿದ ಮೇಲೆ ಹುಡುಕಿದವು. ಮೂರನೆಯದೂ ಐದನೆಯದೂ ಅಂಟಿಸುವಾಗಲೇ ಬಿಡಿಸುವುದನ್ನು ಯೋಚಿಸಿ ರಚಿಸಿದವು. ನಿರ್ಮಾಪಕರ ಬುದ್ಧಿಯು ಸಂಯೋಗದಿಂದ ವಿಭಾಗದ ಕಡೆಗೆ ತಿರುಗಿದ ಗುರುತು ಇಲ್ಲಿಯೇ ಇದೆ.

ಉಪಾಯವು ಯಾವುದಾದರೂ ಆಗಲಿ, ಕ್ರಮದಲ್ಲಿ ವ್ಯತ್ಯಾಸವಿರಕೂಡದು. ಮೊದಲು ಬ್ಯಾಟರಿಯ ಶಕ್ತಿಯನ್ನು ನೂರಕ್ಕೆ ಇಪ್ಪತ್ತೈದಕ್ಕಿಂತ ಕೆಳಗಿಳಿಯುವಂತೆ ಬಳಸಿ ಬರಿದುಮಾಡತಕ್ಕದ್ದು. ಒಳಗಿನ ಶಕ್ತಿ ಅಲ್ಪವಾದಷ್ಟೂ ಅನಾಹುತವು ಅಲ್ಪ. ಬಳಿಕ ಫೋನನ್ನು ಪೂರ್ತಿಯಾಗಿ ಆರಿಸಿ, ಒಡಲನ್ನು ತೆರೆದು, ಎಲ್ಲಕ್ಕೂ ಮುಂಚಿತವಾಗಿ ಬ್ಯಾಟರಿಯ ಕೊಂಡಿಯನ್ನು ಫಲಕದಿಂದ ಕಳಚಬೇಕು. ಅಂಟು ಸಡಿಲಿಸಿದ ಮೇಲೆ ತೆಳುವಾದ ಪ್ಲಾಸ್ಟಿಕ್ ಕಾರ್ಡನ್ನಾಗಲಿ ಗಟ್ಟಿನೂಲನ್ನಾಗಲಿ ಅಡಿಯಲ್ಲಿ ಹಾಯಿಸಿ, ಬ್ಯಾಟರಿಯು ಬಾಗದಂತೆ, ಸ್ವಲ್ಪ ಸ್ವಲ್ಪವಾಗಿ ಬಿಡಿಸಬೇಕು. ಚಾಕು, ಸ್ಕ್ರೂಡ್ರೈವರು ಮೊದಲಾದ ಲೋಹದ ಮೊನೆಗಳಿಂದ ಮೀಟುವುದು ಈ ಕೆಲಸದಲ್ಲಿ ಮಹಾಪರಾಧ. ಕಣ್ಣಿಗೆ ಕನ್ನಡಕವೂ ಪಕ್ಕದಲ್ಲಿ ಒಣಮರಳು ತುಂಬಿದ ಲೋಹದ ಬಕೆಟ್ಟೂ ಇರತಕ್ಕದ್ದು. ಬ್ಯಾಟರಿಯು ಬಿಸಿಯಾಗತೊಡಗಿದರೆ, ಬುಸುಗುಟ್ಟಿದರೆ, ಅಥವಾ ಸಿಹಿಯಾದ ಕಟುವಾಸನೆ ಬಂದರೆ ಕೆಲಸವನ್ನು ಅಲ್ಲಿಗೇ ಬಿಟ್ಟು, ಮರಳಿನೊಳಗೆ ಹಾಕಿ ಬಯಲಿಗೆ ಒಯ್ದು, ಹೊಗೆಯಿಂದ ದೂರ ನಿಲ್ಲುವುದೇ ವಿವೇಕ.

ಬಿಡಿಸಿದ ಬ್ಯಾಟರಿಯನ್ನು ಮತ್ತೆ ಬಳಸತಕ್ಕದ್ದಲ್ಲ. ಅದರ ಕೊಂಡಿಯ ಮೇಲೆ ವಿದ್ಯುತ್ತು ಹರಿಯದ ಟೇಪನ್ನು ಸುತ್ತಿ, ಬೇರೆ ಬ್ಯಾಟರಿಗಳಿಗೂ ಲೋಹದ ವಸ್ತುಗಳಿಗೂ ತಾಗದಂತೆ, ಉರಿಯದ ಪಾತ್ರೆಯಲ್ಲಿ ತಂಪಾದ ಕಡೆ ಇರಿಸಿ, ಬೇಗನೆ ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಬೇಕು. ಮನೆಯ ಕಸದಲ್ಲಿ ಹಾಕಿದರೆ ಕಸದ ಗಾಡಿಯಲ್ಲಿ ಒತ್ತಿಹೋಗಿ ಅಲ್ಲಿಯೇ ಹೊತ್ತಿಕೊಳ್ಳುವುದುಂಟು.

ಉಬ್ಬಿದ ಬ್ಯಾಟರಿಯ ವಿಷಯವು ಬೇರೆ. ಒಳಗಿನ ದ್ರವವು ಕೆಟ್ಟು ಅನಿಲವಾಗಿ ಚೀಲವನ್ನು ಉಬ್ಬಿಸುತ್ತದೆ. ಫೋನಿನ ಬೆನ್ನು ಬಾಯಿಬಿಡುತ್ತದೆ. ಅಂತಹ ಫೋನಿಗೆ ಮತ್ತೆ ವಿದ್ಯುತ್ತನ್ನು ತುಂಬಬಾರದು, ಬೆನ್ನನ್ನು ಒತ್ತಿ ಮುಚ್ಚಬಾರದು, ಅನಿಲ ಹೋಗಲೆಂದು ಸೂಜಿಯಿಂದ ಚುಚ್ಚಲಂತೂ ಬಾರದು. ಅದನ್ನು ಬಿಡಿಸುವುದು ಅಭ್ಯಾಸವಿಲ್ಲದವರ ಕೆಲಸವೇ ಅಲ್ಲ.

೬

ಬೇರ್ಪಡಿಸುವುದು ಇಷ್ಟು ಕ್ಲೇಶಕರವಾಗಿದ್ದರೆ ಅದನ್ನು ಬಿಟ್ಟು ಫೋನನ್ನು ಇಡಿಯಾಗಿಯೇ ಒಪ್ಪಿಸಬಾರದೇಕೆಂಬ ಆಕ್ಷೇಪವು ಇಲ್ಲಿ ಬರಬಹುದು. ಉಪಕರಣವೂ ಅಭ್ಯಾಸವೂ ಇಲ್ಲದ ಗೃಹಸ್ಥನಿಗೆ ಅದೇ ಉತ್ತಮ ಪಕ್ಷವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಿಂದ ವಿಭಾಗವು ತಪ್ಪಿತೆಂದು ತಿಳಿಯಬಾರದು. ಬ್ಯಾಟರಿಯಿರುವಂತೆಯೇ ಫೋನನ್ನು ಪುಡಿಮಾಡುವ ಯಂತ್ರಕ್ಕೆ ಹಾಕಿದರೆ ಬೆಂಕಿ ನಿಶ್ಚಿತಪ್ರಾಯ. ಆದುದರಿಂದ ಎಲ್ಲಿಯಾದರೂ ಒಂದು ಕಡೆ, ಯಾರಾದರೂ ಒಬ್ಬರು ಅದನ್ನು ಬಿಡಿಸಲೇಬೇಕು. ಗೃಹಸ್ಥನು ಬಿಟ್ಟ ಕೆಲಸವು ಗುಜರಿ ಅಂಗಡಿಯವನ ಕೈಗೋ ಕಾರ್ಖಾನೆಯ ಕೂಲಿಯ ಕೈಗೋ ಹೋಗುತ್ತದೆ. ಅಂಟಿಸಿದವನು ಒಬ್ಬ, ಲಾಭ ಪಡೆದವನು ಇನ್ನೊಬ್ಬ, ಅಪಾಯಕ್ಕೆ ಗುರಿಯಾಗುವವನು ಮೂರನೆಯವನು. ಶಾಸನವು ಪ್ರವೇಶಿಸಬೇಕಾದುದು ಇಂತಹ ಸ್ಥಳದಲ್ಲಿಯೇ.

ಐರೋಪ್ಯ ಒಕ್ಕೂಟವು ೨೦೦೩ರಲ್ಲಿ ಹೊರಡಿಸಿದ ವಿದ್ಯುದುಪಕರಣತ್ಯಾಜ್ಯದ ನಿರ್ದೇಶದಲ್ಲಿ, ಸಂಗ್ರಹಿಸಿದ ಉಪಕರಣಗಳಿಂದ ಬ್ಯಾಟರಿಯನ್ನು ಬೇರ್ಪಡಿಸಲೇಬೇಕೆಂದು ವಿಧಿಸಿತು. ಈ ವಿಧಿಯು ಬಿಡಿಸುವವರನ್ನು ಕುರಿತದ್ದು. ೨೦೦೬ರ ಬ್ಯಾಟರಿ ನಿರ್ದೇಶವು ನಿರ್ಮಾಪಕರ ಕಡೆಗೆ ತಿರುಗಿ, ಬ್ಯಾಟರಿಯು ಸುಲಭವಾಗಿ ತೆಗೆಯಬರುವಂತೆ ಉಪಕರಣಗಳನ್ನು ರಚಿಸಬೇಕೆಂದಿತು. ೨೦೧೩ರ ತಿದ್ದುಪಡಿಯಲ್ಲಿ, ಬಳಸುವವನು ತೆಗೆಯಲಾಗದಿದ್ದರೆ ನಿರ್ಮಾಪಕರ ಅಧೀನರಲ್ಲದ ಕುಶಲರಾದರೂ ತೆಗೆಯಬಲ್ಲಂತಿರಬೇಕೆಂಬ ವಿಕಲ್ಪವು ಸೇರಿತು. ವಿಕಲ್ಪವಿದ್ದ ಕಡೆ ಜನರು ಸುಲಭವಾದುದನ್ನೇ ಹಿಡಿಯುವುದು ಸಹಜ. ಅಂಟು ಹಾಗೆಯೇ ಮುಂದುವರಿಯಿತು. ಕೊನೆಗೆ ೨೦೨೩ರ ಜುಲೈ ೧೨ರ ಬ್ಯಾಟರಿ ನಿಯಮವು, ತನ್ನ ಹನ್ನೊಂದನೆಯ ವಿಧಿಯಲ್ಲಿ, ಕೈಯುಪಕರಣಗಳ ಬ್ಯಾಟರಿಯನ್ನು ಬಳಸುವವನೇ ತೆಗೆದು ಬದಲಿಸುವಂತಿರಬೇಕೆಂದು ಗೊತ್ತುಮಾಡಿ, ಅದು ಅನ್ವಯವಾಗುವ ದಿನವನ್ನು ೨೦೨೭ರ ಫೆಬ್ರವರಿ ೧೮ ಎಂದು ನಿರ್ಣಯಿಸಿತು. ಆ ವಿಧಿಯಲ್ಲಿ ತೆಗೆಯುವ ಕೆಲಸಕ್ಕೆ ಶಾಖವೂ ದ್ರಾವಕವೂ ಬೇಕಾಗಬಾರದೆಂದು ಸ್ಪಷ್ಟವಾಗಿ ಹೇಳಿರುವುದು ಗಮನಿಸತಕ್ಕ ಅಂಶ. ದುರಸ್ತಿಗಾರರ ಎರಡು ಪ್ರಥಮೋಪಾಯಗಳನ್ನು ಹೆಸರಿಸಿಯೇ ಶಾಸನವು ಅವುಗಳ ಅಗತ್ಯವನ್ನು ತೊಡೆದುಹಾಕಲು ಹೊರಟಿದೆ.

ಆದರೂ ಅಪವಾದವುಂಟು. ೨೦೨೫ರ ಜೂನ್ ೨೦ರಿಂದ ಅನ್ವಯವಾದ ಸ್ಮಾರ್ಟ್‌ಫೋನುಗಳ ವಿನ್ಯಾಸನಿಯಮದಲ್ಲಿ, ೫೦೦ ಸಲ ತುಂಬಿ ಬರಿದಾದ ಮೇಲೆ ನೂರಕ್ಕೆ ೮೩ರಷ್ಟು, ೧೦೦೦ ಸಲದ ಮೇಲೆ ನೂರಕ್ಕೆ ೮೦ರಷ್ಟು ಶಕ್ತಿಯನ್ನು ಉಳಿಸಿಕೊಳ್ಳುವ ಬ್ಯಾಟರಿಯಿದ್ದು, ಫೋನು ಧೂಳನ್ನೂ ಒಂದು ಮೀಟರ್ ಆಳದ ನೀರನ್ನೂ ಅರ್ಧ ಗಂಟೆ ತಡೆಯಬಲ್ಲುದಾದರೆ, ಬ್ಯಾಟರಿಯನ್ನು ಬದಲಿಸುವ ಕೆಲಸವನ್ನು ಕುಶಲರಿಗೆ ಬಿಡಬಹುದೆಂದಿದೆ. ಪೂರ್ವಪಕ್ಷದ ನೀರಿನ ವಾದಕ್ಕೆ ಶಾಸನವು ಇಷ್ಟು ಮರ್ಯಾದೆಯನ್ನು ತೋರಿಸಿದೆ. ಆದರೆ ದೀರ್ಘಾಯುಸ್ಸಿನ ಪ್ರಮಾಣವನ್ನು ಅದಕ್ಕೆ ಪ್ರತಿಯಾಗಿ ಕೇಳಿದೆ.

ಭಾರತದಲ್ಲಿ ೨೦೦೧ರ ಬ್ಯಾಟರಿ ನಿಯಮಗಳು ಸೀಸ ಮತ್ತು ಆಮ್ಲಗಳ ಬ್ಯಾಟರಿಗಳಿಗೆ ಮಾತ್ರ ಸಂಬಂಧಿಸಿದ್ದವು. ಇವುಗಳ ಸ್ಥಾನದಲ್ಲಿ ೨೦೨೨ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಜಾತಿಯ ಬ್ಯಾಟರಿಗಳನ್ನೂ ಒಳಗೊಂಡವು. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿ, ಬಳಸುವವರು ಅದನ್ನು ಮನೆಯ ಕಸದೊಡನೆ ಬೆರೆಸದೆ ಬೇರೆಯಾಗಿ ಒಪ್ಪಿಸಬೇಕೆಂದೂ ವಿಧಿಸಿದವು. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಫೋನಿನ ಉಳಿದ ಭಾಗಕ್ಕೆ ಸಂಬಂಧಿಸಿದವು. ಹೀಗೆ ಶಾಸನದಲ್ಲಿ ಬ್ಯಾಟರಿಗೆ ಒಂದು ದಾರಿ, ಫೋನಿಗೆ ಇನ್ನೊಂದು ದಾರಿ. ವ್ಯವಹಾರದಲ್ಲಿ ಮಾತ್ರ ಎರಡೂ ಒಂದೇ ಅಂಟಿನಲ್ಲಿ ಸಿಕ್ಕಿಕೊಂಡಿವೆ.

ಕರ್ನಾಟಕಕ್ಕೆ ಈ ಚರಿತ್ರೆಯ ಎರಡು ತುದಿಗಳಲ್ಲಿಯೂ ಸಂಬಂಧವುಂಟು. ೨೦೧೭ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನುಗಳ ಜೋಡಣೆ ಮೊದಲಾಯಿತು. ಅನಂತರ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಬೆಳೆಯಿತು. ಅದಕ್ಕಿಂತ ಮುಂಚೆಯೇ, ೨೦೦೫ರಲ್ಲಿ, ಬೆಂಗಳೂರಿನ ಸಮೀಪದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಸಂಸ್ಥೆಯು ದೇಶದ ಪ್ರಥಮ ಅಧಿಕೃತ ಇ-ತ್ಯಾಜ್ಯ ಸಂಸ್ಕರಣ ಕೇಂದ್ರವೆಂದು ಕೆಲಸವನ್ನಾರಂಭಿಸಿದ್ದಿತು. ಕೂಡಿಸುವ ಕೈಗಳೂ ಬಿಡಿಸುವ ಕೈಗಳೂ ಒಂದೇ ನಾಡಿನಲ್ಲಿವೆ. ಕೂಡಿಸುವವರು ಬಿಡಿಸುವವರ ಕಷ್ಟವನ್ನು ಅರಿಯುವುದಕ್ಕೆ ಇಲ್ಲಿ ದೂರದ ಅಡ್ಡಿಯೇನೂ ಇಲ್ಲ.

೭

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಫೋನಿನ ಬ್ಯಾಟರಿಯು ಮೊದಲು ಕಳಚತಕ್ಕ ಅಂಗವಾಗಿದ್ದಿತು. ತೆಳುವಿನ ಮತ್ತು ನೀರಿನ ಕಾರಣದಿಂದ ಅಂಟಿನ ಬಂಧಕ್ಕೆ ಒಳಗಾಯಿತು. ಬಂಧಿಸಿದವರು ಬಿಡಿಸುವ ಉಪಾಯವನ್ನು ಮೊದಲೇ ಚಿಂತಿಸದ ಕಾರಣ ಅದು ದುರಸ್ತಿಗಾರರ ಮತ್ತು ಗುಜರಿಯವರ ಪಾಲಿಗೆ ಬಂದಿತು. ಶಾಸನಗಳೂ ನಿರ್ಮಾಪಕರೂ ಈಗ ಮತ್ತೆ ವಿಭಾಗದ ಕಡೆಗೆ ದೃಷ್ಟಿಯನ್ನು ತಿರುಗಿಸಿದ್ದಾರೆ.

ಆದರೆ ಹೊಸ ಶಾಸನವು ಹೊಸ ಫೋನುಗಳಿಗೆ ಮಾತ್ರ ಅನ್ವಯಿಸತಕ್ಕದ್ದು. ೨೦೦೭ರಿಂದ ಈಚೆಗೆ ತಯಾರಾಗಿ, ಸೇವೆಯಿಂದ ನಿವೃತ್ತವಾಗಿ, ಮನೆ, ಶಾಲೆ, ಕಚೇರಿಗಳ ಖಾನೆಗಳಲ್ಲಿ ಸೇರಿಕೊಂಡಿರುವ ಅಂಟುಬ್ಯಾಟರಿಯ ಫೋನುಗಳಿಗೆ ಯಾವ ಶಾಸನವೂ ಮುಚ್ಚಳವನ್ನು ಕೊಡಲಾರದು. ಅವುಗಳ ಸ್ಥಿತಿಯನ್ನು ಒಮ್ಮೆ ತೆರೆದು ನೋಡುವುದು, ಉಬ್ಬಿದವುಗಳನ್ನು ಬೇರೆಯಿಟ್ಟು ತಡಮಾಡದೆ ಕುಶಲರಿಗೆ ಒಪ್ಪಿಸುವುದು, ಉಳಿದವನ್ನು ಬರಿದುಮಾಡಿ ಅಧಿಕೃತ ಸಂಗ್ರಾಹಕರಿಗೆ ಮುಟ್ಟಿಸುವುದು ಒಡೆಯರ ಕರ್ತವ್ಯವಾಗಿ ಉಳಿದಿದೆ. ವಿಭಾಗವೂ ಒಂದು ಗುಣವೇ ಎಂದು ಎಣಿಸಿದ ಪ್ರಾಚೀನರ ಮಾತಿಗೆ ಈ ಕಾಲದಲ್ಲಿ ಇದಕ್ಕಿಂತ ಪ್ರತ್ಯಕ್ಷವಾದ ಉದಾಹರಣೆಯು ದೊರೆಯುವುದು ಕಷ್ಟ. ಆ ಗುಣವನ್ನು ವಸ್ತುವಿನಲ್ಲಿ ಮೊದಲೇ ಇಡದಿದ್ದರೆ, ಅದರ ಮೌಲ್ಯವನ್ನು ಬಿಡಿಸುವವನ ಬೆರಳುಗಳೇ ತೆರಬೇಕಾಗುತ್ತದೆ.